ಮರಳುವ ದಾರಿಯನ್ನೂ ಅಳೆಯೋಣ: ಸೆಕೆಂಡ್ ಹ್ಯಾಂಡ್ ವ್ಯಾನಿನ ಎರಡನೇ ಬ್ಯಾಟರಿಯಿಂದ ಮೂರು ಅವಧಿಗಳ ಪಾಠ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಬೋಧಿಸುತ್ತಾರೆ. ಕಪ್ಪುಹಲಗೆಯ ಮೇಲೆ ಕೋಶ, ಸ್ವಿಚ್ಚು, ಬಲ್ಬು, ಅವುಗಳನ್ನು ಸೇರಿಸುವ ಎರಡು ಗೆರೆ ಬರೆಯುತ್ತಾರೆ. ಓಮ್‌ನ ನಿಯಮ ಹೇಳುತ್ತಾರೆ, ಎರಡು ಲೆಕ್ಕ ಮಾಡಿಸುತ್ತಾರೆ. ಮಕ್ಕಳು ಲೆಕ್ಕವನ್ನು ಸರಿಯಾಗಿ ಬಿಡಿಸುತ್ತಾರೆ. ಆದರೆ ಅದೇ ಮಕ್ಕಳನ್ನು ‘ಲೈಟು ಮಂಕಾಗಿದೆ, ಕಾರಣವೇನು?’ ಎಂದು ಕೇಳಿದರೆ ಉತ್ತರ ಒಂದೇ: ಬ್ಯಾಟರಿ ವೀಕು. ಕಪ್ಪುಹಲಗೆಯ ಗೆರೆಗೆ ರೋಧವಿಲ್ಲ. ಆದ್ದರಿಂದ ವೈರು, ಜಾಯಿಂಟು, ಬೋಲ್ಟು ಇವು ಯಾವುವೂ ಮಗುವಿನ ಅನುಮಾನದ ಪಟ್ಟಿಗೆ ಬರುವುದಿಲ್ಲ. ಅದರಲ್ಲೂ ಪ್ರವಾಹ ಬ್ಯಾಟರಿಗೆ ಮರಳುವ ದಾರಿ ಪಟ್ಟಿಯ ಹೊರಗೇ ಉಳಿಯುತ್ತದೆ.

ಬದನವಾಳಿನಲ್ಲಿ ಬೋಧನಾಭ್ಯಾಸದ ಕಾಲದಲ್ಲಿ ನಾನು ತೆಗೆದುಕೊಂಡ ಮೂರು ಅವಧಿಗಳ ಮಾದರಿ ಪಾಠವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆರು ಮಂದಿ ಪ್ರಶಿಕ್ಷಣಾರ್ಥಿಗಳು ವೀಕ್ಷಕರಾಗಿಯೂ ಗುಂಪುಗಳ ಮಾರ್ಗದರ್ಶಕರಾಗಿಯೂ ಇದ್ದರು. ಪಾಠದ ತಿರುಳು ಇಷ್ಟೇ: ವಿಭವಾಂತರವನ್ನು ಎರಡು ಬಿಂದುಗಳ ನಡುವೆ, ಮಂಡಲ ಕೆಲಸ ಮಾಡುತ್ತಿರುವಾಗ, ಹೋಗುವ ದಾರಿಯಲ್ಲೂ ಮರಳುವ ದಾರಿಯಲ್ಲೂ ಅಳೆಯಬೇಕು.

ಆಯ್ದುಕೊಂಡ ಸಮಸ್ಯೆ

ತರಗತಿಯ ಒಬ್ಬ ಹುಡುಗನ ಚಿಕ್ಕಪ್ಪ ಮೈಕ್ ಸೆಟ್ ಇಟ್ಟುಕೊಂಡಿದ್ದಾರೆ. ಸೆಕೆಂಡ್ ಹ್ಯಾಂಡ್ ವ್ಯಾನ್ ಒಂದನ್ನು ಕೊಂಡು, ಅದರಲ್ಲಿ ಆಂಪ್ಲಿಫೈಯರ್, ಹಾರ್ನು, ಎರಡು ದೀಪ ಜೋಡಿಸಿ ಜಾತ್ರೆ, ನಾಟಕ, ಪ್ರಚಾರಗಳಿಗೆ ಬಾಡಿಗೆಗೆ ಹೋಗುತ್ತಾರೆ. ವ್ಯಾನಿನ ಮೂಲ ಬ್ಯಾಟರಿ ಮುಂದಿದೆ. ಮೈಕಿಗಾಗಿ ಹಿಂದೆ ಇನ್ನೊಂದು 12 ವೋಲ್ಟಿನ ಬ್ಯಾಟರಿ ಇದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಎರಡನ್ನೂ ಚಾರ್ಜ್ ಮಾಡಬೇಕು. ಮುಂದಿನ ಬ್ಯಾಟರಿಯ ಪ್ಲಸ್‌ನಿಂದ ಒಂದು ವೈರು ರಿಲೇಯ ಮೂಲಕ ಹಿಂದಿನ ಬ್ಯಾಟರಿಯ ಪ್ಲಸ್‌ಗೆ ಬರುತ್ತದೆ. ಹಿಂದಿನ ಬ್ಯಾಟರಿಯ ಮೈನಸ್‌ನಿಂದ ಗೇಣುದ್ದದ ಕೇಬಲ್ ಹೊರಟು ವ್ಯಾನಿನ ಬಾಡಿಗೆ ಬೋಲ್ಟ್ ಆಗಿದೆ. ಆಂಪ್ಲಿಫೈಯರಿನ ಎರಡೂ ವೈರು ನೇರವಾಗಿ ಹಿಂದಿನ ಬ್ಯಾಟರಿಯ ಮೇಲಿವೆ. ಇದೆಲ್ಲ ವ್ಯಾನ್ ಕೈಗೆ ಬಂದಾಗಲೇ ಇದ್ದ ಜೋಡಣೆ.

ತೊಂದರೆ ಎರಡು. ದಿನವಿಡೀ ವ್ಯಾನ್ ಓಡಿದರೂ ಸಂಜೆ ಮೈಕು ಒಂದು ಗಂಟೆಯೊಳಗೆ ಕರಕರ ಎಂದು ನಿಲ್ಲುತ್ತದೆ. ರಾತ್ರಿ ಕಾರ್ಯಕ್ರಮವಾದರೆ ಬೆಳಿಗ್ಗೆ ವ್ಯಾನನ್ನು ತಳ್ಳಿ ಸ್ಟಾರ್ಟ್ ಮಾಡಬೇಕು. “ಬ್ಯಾಟ್ರಿ ಹಾಕ್ಸಿ ಎಲ್ಡ್ ತಿಂಗ್ಳೂ ಆಗಿಲ್ಲ ಕನ ಸಾ, ಇದು ಎಲ್ಡನೇದು” ಎಂದು ಅವರು ಮಕ್ಕಳ ಮುಂದೆಯೇ ಹೇಳಿದರು. ಅಂಗಡಿಯವರು ಬ್ಯಾಟರಿಯನ್ನು ಬಿಚ್ಚಿ ಚಾರ್ಜ್ ಮಾಡಿ ‘ಚೆನ್ನಾಗಿದೆ’ ಎಂದು ವಾಪಸು ಕೊಟ್ಟಿದ್ದರು. ಸುತ್ತೂರು ಜಾತ್ರೆಗೆ ಕೆಲವೇ ವಾರಗಳಿದ್ದವು, ಅದರ ಹಿಂದೆಯೇ ಮುಡುಕುತೊರೆ, ಆಮೇಲೆ ನಂಜನಗೂಡಿನ ದೊಡ್ಡ ಜಾತ್ರೆ. ವರ್ಷದ ದುಡಿಮೆ ನಿಂತಿರುವುದೇ ಆ ತಿಂಗಳುಗಳ ಮೇಲೆ. ಮೂರನೇ ಬ್ಯಾಟರಿ ತರುವುದೋ ಬೇಡವೋ ಎಂಬುದು ಅವರ ಪ್ರಶ್ನೆ. ಅದನ್ನೇ ತರಗತಿಯ ಪ್ರಶ್ನೆಯನ್ನಾಗಿ ಮಾಡಿಕೊಂಡೆವು.

ಮೊದಲ ಅವಧಿ: ಊಹೆ ಮತ್ತು ನಕ್ಷೆ

ಮೀಟರ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ‘ದೋಷ ಎಲ್ಲಿದೆ? ಏಕೆ ಹಾಗೆ ಅನ್ನಿಸುತ್ತದೆ?’ ಎಂದು ಬರೆದರು. ಹೆಚ್ಚಿನವರು ಬ್ಯಾಟರಿ ಎಂದರು, ಕೆಲವರು ಆಂಪ್ಲಿಫೈಯರ್ ಎಂದರು. ಮೈನಸ್ ಕಡೆಯನ್ನು ಒಬ್ಬರೂ ಹೆಸರಿಸಲಿಲ್ಲ. ಊಹೆಯನ್ನು ಬಾಯಲ್ಲಿ ಹೇಳಿಸದೆ ಬರೆಸುವುದಕ್ಕೆ ಕಾರಣವಿದೆ. ಬಾಯಲ್ಲಿ ಹೇಳಿದ್ದು ಉತ್ತರ ತಿಳಿದ ಕೂಡಲೇ ಬದಲಾಗುತ್ತದೆ. ಬರೆದದ್ದು ಹಾಗೆಯೇ ಇರುತ್ತದೆ, ತನ್ನ ಯೋಚನೆ ಎಲ್ಲಿಂದ ಎಲ್ಲಿಗೆ ಬಂತೆಂದು ಮಗು ತಾನೇ ನೋಡಿಕೊಳ್ಳಬಹುದು.

ಆಮೇಲೆ ವ್ಯಾನಿನ ಬಳಿ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆಯಲು ಹೇಳಿದೆ. ಬಂದ ನಕ್ಷೆಗಳು ಬಹುಪಾಲು ಒಂದೇ ಬಗೆಯವು: ಮುಂದಿನಿಂದ ಹಿಂದಕ್ಕೆ ಒಂದು ಗೆರೆ, ಅಷ್ಟೇ. ಮಕ್ಕಳು ಕಂಡದ್ದೂ ಅಷ್ಟೇ. ಇಲ್ಲಿ ಪ್ರಶಿಕ್ಷಣಾರ್ಥಿಗಳ ಗಮನ ಸೆಳೆಯಬೇಕಾದ ಒಂದು ವಿಷಯವಿದೆ. ಒಂದು ವೈರು ಸಾಕು, ವಿದ್ಯುತ್ತು ಅದರಲ್ಲಿ ಬಂದು ಬಲ್ಬಿನಲ್ಲಿ ಮುಗಿದುಹೋಗುತ್ತದೆ ಎಂಬ ಕಲ್ಪನೆ ಮಕ್ಕಳಲ್ಲಿ ಇರುವುದನ್ನು ನ್ಯೂಜಿಲೆಂಡಿನ ರೋಜರ್ ಆಸ್ಬೋರ್ನ್ 1980ರ ದಶಕದಲ್ಲಿ ಗುರುತಿಸಿದರು. ಟೇಬಲ್ಲಿನ ಮೇಲಿನ ಕೋಶ–ಬಲ್ಬಿನ ಪ್ರಯೋಗ ಈ ಕಲ್ಪನೆಯನ್ನು ಅಲ್ಲಗಳೆಯುತ್ತದೆ. ಆದರೆ ವಾಹನದಲ್ಲಿ ಪ್ರತಿ ದೀಪಕ್ಕೂ ಒಂದೇ ವೈರು ಹೋಗುವುದು ಕಣ್ಣಿಗೆ ಕಾಣುತ್ತದೆ, ಕಲ್ಪನೆ ನಿಜವೆಂದೇ ತೋರುತ್ತದೆ. ಮರಳುವ ದಾರಿ ವ್ಯಾನಿನ ತಗಡೇ ಆಗಿರುವುದರಿಂದ ಅದು ವೈರಿನಂತೆ ಕಾಣುವುದಿಲ್ಲ.

ಇದನ್ನು ಮಾತಿನಲ್ಲಿ ವಿವರಿಸುವ ಬದಲು ಬಿಸ್ಕತ್ ಡಬ್ಬಿಯ ಮುಚ್ಚಳ ಕೊಟ್ಟೆ. ಮುಚ್ಚಳವೇ ಬಾಡಿ. ಎರಡು ಕಡೆ ಬಣ್ಣ ಕೆರೆದು ಒಂದು ಕಡೆ ಕೋಶದ ಮೈನಸ್ ವೈರು, ಇನ್ನೊಂದು ಕಡೆ ಬಲ್ಬಿನ ವೈರು ಒತ್ತಿದರೆ ಬಲ್ಬು ಉರಿಯುತ್ತದೆ. ಬಣ್ಣ ಇರುವ ಜಾಗಕ್ಕೆ ಒತ್ತಿದರೆ ಉರಿಯುವುದಿಲ್ಲ. ಮಕ್ಕಳು ತಮ್ಮ ನಕ್ಷೆಗೆ ತಾವೇ ಎರಡನೇ ಗೆರೆ ಸೇರಿಸಿದರು.

‘ಅರ್ತ್’ ಎಂಬ ಪದದ ಗೊಂದಲವನ್ನೂ ಆಗಲೇ ಬಿಡಿಸಬೇಕು. ಮನೆಯ ಅರ್ತ್ ವೈರು ಸುರಕ್ಷತೆಗಾಗಿ ಇದೆ. ಎಲ್ಲವೂ ಸರಿಯಿದ್ದಾಗ ಅದರಲ್ಲಿ ಪ್ರವಾಹ ಇರಬಾರದು. ಮೆಕ್ಯಾನಿಕ್ಕುಗಳು ವಾಹನದಲ್ಲಿ ಅರ್ತ್ ಎನ್ನುವುದು ಭೂಮಿಗೆ ಹೋಗುವ ದಾರಿಯಲ್ಲ. ಪೂರ್ತಿ ಪ್ರವಾಹ ಬ್ಯಾಟರಿಗೆ ಮರಳುವ ದಾರಿ ಅದೇ. ಹೆಸರು ಒಂದು, ಕೆಲಸ ಬೇರೆ.

ಎರಡನೇ ಅವಧಿ: ಅಳತೆ

ಎಂಜಿನ್ ನಿಲ್ಲಿಸಿ, ಎಲ್ಲ ಆಫ್ ಮಾಡಿ ಅಳೆದಾಗ ಹಿಂದಿನ ಬ್ಯಾಟರಿ 12.1 ವೋಲ್ಟ್ ತೋರಿಸಿತು. ಪೂರ್ಣ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಸೀಸ–ಆಮ್ಲ ಬ್ಯಾಟರಿ ಸುಮಾರು 12.6ರಿಂದ 12.7 ವೋಲ್ಟ್ ತೋರಿಸಬೇಕು. ಅಂದರೆ ಬ್ಯಾಟರಿ ಹಸಿದಿದೆ. ಹಸಿದಿರುವುದು ಬ್ಯಾಟರಿಯ ದೋಷದಿಂದಲೋ, ಬಡಿಸುವ ದಾರಿಯ ದೋಷದಿಂದಲೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಆದ್ದರಿಂದ ಎಂಜಿನ್ ಸ್ಟಾರ್ಟ್ ಮಾಡಿಸಿ, ಮೈಕ್ ಹಾಕಿಸಿ ಮತ್ತೆ ಅಳೆದೆವು. ಪ್ರವಾಹ ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲೂ ವಿಭವ ಕುಸಿಯುವುದಿಲ್ಲ. ಒಂದೇ ಎಳೆಯಲ್ಲಿ ನೇತಾಡುವ ವೈರು ಕೂಡ ವೋಲ್ಟ್‌ಮೀಟರಿಗೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ‘ವೋಲ್ಟೇಜ್ ಬರ್ತಾ ಇದೆ, ವೈರಿಂಗ್ ಸರಿ ಇದೆ’ ಎಂಬ ತೀರ್ಮಾನ ದಾರಿ ತಪ್ಪಿಸುವುದು ಇಲ್ಲಿಯೇ.

ಮುಂದಿನ ಬ್ಯಾಟರಿಯ ಎರಡು ತುದಿಗಳ ನಡುವೆ 14.1 ವೋಲ್ಟ್, ಹಿಂದಿನದರಲ್ಲಿ 12.8 ವೋಲ್ಟ್ ಬಂತು. ಮುಂದೆ 14.1 ಇರುವುದರಿಂದ ಆಲ್ಟರ್ನೇಟರ್ ಸರಿಯಾಗಿದೆ. ದಾರಿಯಲ್ಲಿ 1.3 ವೋಲ್ಟ್ ಕಾಣೆಯಾಗಿದೆ. ಎಲ್ಲಿ?

ಇಲ್ಲಿ ಮಕ್ಕಳಿಗೆ ಹೊಸದಾದ ಒಂದು ಅಳತೆ ಬೇಕಾಯಿತು. ವೋಲ್ಟ್‌ಮೀಟರಿನ ಒಂದು ಕಡ್ಡಿ ಮುಂದಿನ ಪ್ಲಸ್‌ಗೆ, ಇನ್ನೊಂದು ಹಿಂದಿನ ಪ್ಲಸ್‌ಗೆ. ‘ಪ್ಲಸ್‌ನಿಂದ ಪ್ಲಸ್‌ಗೆ ಅಳೆದರೆ ಸೊನ್ನೆ ಬರುತ್ತದೆ’ ಎಂಬುದು ತರಗತಿಯ ಊಹೆ. ಬಂದದ್ದು 0.4 ವೋಲ್ಟ್. ಹಾಗೆಯೇ ಮೈನಸ್‌ನಿಂದ ಮೈನಸ್‌ಗೆ 0.9 ವೋಲ್ಟ್. ಎರಡನ್ನೂ ಕೂಡಿದರೆ 1.3. ಲೆಕ್ಕ ಕೂಡಿ ಬಂದಾಗ ಮಕ್ಕಳ ಮುಖದಲ್ಲಿ ಬಂದ ಕಳೆಯನ್ನು ವೀಕ್ಷಕರೆಲ್ಲರೂ ತಮ್ಮ ವರದಿಯಲ್ಲಿ ಬರೆದಿದ್ದಾರೆ. ಸರಣಿ ಜೋಡಣೆಯಲ್ಲಿ ವಿಭವಾಂತರಗಳು ಕೂಡುತ್ತವೆ ಎಂಬ ಪಠ್ಯದ ವಾಕ್ಯ ಅವರಿಗೆ ಆಗ ಅರ್ಥವಾಯಿತು.

ಮುಂದಿನಿಂದ ಹಿಂದಕ್ಕೆ ಮೀಟರಿನ ವೈರು ಸಾಲದು. ತೆಳುವಾದ 5 ಮೀಟರ್ ವೈರು ಸೇರಿಸಿಕೊಂಡೆವು. “ಈ ವೈರಲ್ಲೂ ವೋಲ್ಟೇಜ್ ಕಳೆಯಲ್ವಾ ಸಾರ್?” ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ವೋಲ್ಟ್‌ಮೀಟರಿನ ರೋಧ ಬಹಳ ಹೆಚ್ಚು, ಅದರ ಮೂಲಕ ಹರಿಯುವ ಪ್ರವಾಹ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಪ್ರವಾಹವೇ ಇಲ್ಲದ ಮೇಲೆ ತೆಳು ವೈರಿನಲ್ಲೂ ಕುಸಿತವಿಲ್ಲ.

ಈಗ ಮೈನಸ್ ದಾರಿಯನ್ನು ತುಂಡು ತುಂಡಾಗಿ ಅಳೆದೆವು.
ಹಿಂದಿನ ಬ್ಯಾಟರಿಯ ಮೈನಸ್ ತುದಿಯಿಂದ ಕೇಬಲ್ಲಿನ ಕೊನೆಯ ಲಗ್ಗಿನವರೆಗೆ: 0.02 ವೋಲ್ಟ್.
ಲಗ್ಗಿನಿಂದ ಪಕ್ಕದ ಬಾಡಿಯ ಬರಿಯ ಲೋಹಕ್ಕೆ: 0.85 ವೋಲ್ಟ್.
ಬಾಡಿಯಿಂದ ಮುಂದಿನ ಬ್ಯಾಟರಿಯ ಮೈನಸ್‌ವರೆಗೆ: 0.03 ವೋಲ್ಟ್.

ಇಡೀ ವ್ಯಾನಿನ ಉದ್ದದ ತಗಡಿನಲ್ಲಿ 0.03, ಒಂದು ಬೋಲ್ಟಿನ ಅಡಿಯಲ್ಲಿ 0.85. ಎಂಜಿನ್ ನಿಲ್ಲಿಸಿ, ಎರಡೂ ಬ್ಯಾಟರಿಯ ಮೈನಸ್ ಬಿಚ್ಚಿ, ಮಾಲೀಕರೇ ಬೋಲ್ಟ್ ತೆಗೆದರು. ಲಗ್ಗು ಕೂತಿದ್ದದ್ದು ಬಣ್ಣದ ಮೇಲೆ. ಅಂಚಿನಲ್ಲಿ ಮಾತ್ರ ಲೋಹ ತಾಗಿತ್ತು, ಅದಕ್ಕೂ ತುಕ್ಕು ಹಿಡಿದಿತ್ತು. ಡಬ್ಬಿಯ ಮುಚ್ಚಳದ ಪಾಠವನ್ನು ಯಾರೂ ನೆನಪಿಸಬೇಕಾಗಲಿಲ್ಲ.

ಮೂರನೇ ಅವಧಿ: ಲೆಕ್ಕ ಮತ್ತು ಪರಿಹಾರ

ದೊಡ್ಡ ಪ್ರವಾಹ ಅಳೆಯುವ ಅಮ್ಮೀಟರ್ ಶಾಲೆಯಲ್ಲಿ ಇರಲಿಲ್ಲ. ವ್ಯಾನಿನ ವೈರನ್ನೇ ಅಮ್ಮೀಟರ್ ಮಾಡಿಕೊಂಡೆವು. ಪ್ಲಸ್ ವೈರಿನ ಉದ್ದ 4 ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 1.5 ಚದರ ಮಿಲಿಮೀಟರ್. ತಾಮ್ರದ ರೋಧಶೀಲತೆ ಪಠ್ಯಪುಸ್ತಕದ ಕೋಷ್ಟಕದಲ್ಲೇ ಇದೆ: 1.62 × 10⁻⁸ ಓಮ್ ಮೀಟರ್. ರೋಧ 0.043 ಓಮ್ ಬಂತು. ವೈರಿನ ಎರಡು ತುದಿಗಳ ನಡುವೆ ಅಳೆದ ಕುಸಿತ 0.35 ವೋಲ್ಟ್. ಭಾಗಿಸಿದರೆ ಪ್ರವಾಹ ಸುಮಾರು 8 ಆಂಪಿಯರ್. ಅದೇ 8 ಆಂಪಿಯರ್ ಬೋಲ್ಟಿನ ಮೂಲಕವೂ ಮರಳಬೇಕು. 0.85ನ್ನು 8ರಿಂದ ಭಾಗಿಸಿದರೆ ಸುಮಾರು 0.11 ಓಮ್. ಆ ಬಣ್ಣ, ಆ ತುಕ್ಕು ಸುಮಾರು 10 ಮೀಟರ್ ವೈರಿಗೆ ಸಮ!

ಓಮ್ 1827ರಲ್ಲಿ ತಮ್ಮ ನಿಯಮವಿದ್ದ ಗ್ರಂಥವನ್ನು ಪ್ರಕಟಿಸುವ ಮೊದಲು ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಶಿಕ್ಷಕರಾಗಿದ್ದರು. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೇ ಆಕರಕ್ಕೆ ಜೋಡಿಸಿ ಅವರು ಅಳೆದಿದ್ದರು ಎಂದಾಗ, ತಾವು ಮಾಡಿದ್ದೂ ಅದೇ ಜಾತಿಯ ಕೆಲಸವೆಂದು ಮಕ್ಕಳಿಗೆ ತಿಳಿಯಿತು.

ಎಮರಿ ಪೇಪರಿನಿಂದ ಉಜ್ಜಿ, ಹೊಳೆಯುವ ಲೋಹದ ಮೇಲೆ ಲಗ್ಗನ್ನು ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಮತ್ತೆ ಅಳೆದೆವು. ಮೈನಸ್ ಕಡೆಯ ಕುಸಿತ 0.9ರಿಂದ 0.1ಕ್ಕೆ ಇಳಿಯಿತು. ಆದರೆ ಪ್ಲಸ್ ಕಡೆ 0.4 ಇದ್ದದ್ದು 0.6 ಆಯಿತು. “ಸಾರ್, ಇನ್ನೊಂದ್ ಕಡೆ ಕೆಟ್ಟೋಯ್ತಾ?” ಎಂದು ಹಿಂದಿನ ಸಾಲಿನಿಂದ ದನಿ ಬಂತು. ಈ ಕ್ಷಣಕ್ಕಾಗಿಯೇ ಪಾಠ ಯೋಜನೆಯಲ್ಲಿ ಹತ್ತು ನಿಮಿಷ ಖಾಲಿ ಬಿಟ್ಟಿದ್ದೆ. ಗುಂಪುಗಳಲ್ಲಿ ಚರ್ಚಿಸಿ ಮಕ್ಕಳೇ ಹೇಳಿದರು: ಒಂದು ಅಡ್ಡಿ ಹೋಯಿತು, ಪ್ರವಾಹ ಹೆಚ್ಚಾಯಿತು, ವೈರಿನ ರೋಧ ಅಷ್ಟೇ ಇದೆ, ಆದ್ದರಿಂದ ಅದರಲ್ಲಿ ಕುಸಿತ ಹೆಚ್ಚಾಯಿತು. ಲೆಕ್ಕ ಹಾಕಿದರೆ ಪ್ರವಾಹ ಸುಮಾರು 12 ಆಂಪಿಯರ್ ಆಗಿತ್ತು. ಓಮ್‌ನ ನಿಯಮವನ್ನು ಕಂಠಪಾಠದಿಂದ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಹಾಗಾದರೆ ವೈರು ದಪ್ಪವಾಗಬೇಕು. ಎಷ್ಟು? ಬದನವಾಳಿನ ಮಕ್ಕಳಿಗೆ ನೂಲಿನ ದಪ್ಪದ ಮಾತು ಹೊಸದಲ್ಲ. 1927ರಲ್ಲಿ ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದ ಊರು ಇದು. ನೂಲಿನ ನಂಬರ್ ಹೆಚ್ಚಾದಷ್ಟು ನೂಲು ತೆಳುವಾಗುತ್ತದೆ ಎಂದು ಒಬ್ಬ ಹುಡುಗಿ ಮನೆಯ ಅನುಭವದಿಂದ ಹೇಳಿದಳು. ತಂತಿಯ ಗೇಜ್ ನಂಬರ್ ಕೂಡ ಹಾಗೆಯೇ, ನಂಬರ್ ಹೆಚ್ಚಾದರೆ ತಂತಿ ತೆಳು. ಆದರೆ ಅಂಗಡಿಯಲ್ಲಿ ಚದರ ಮಿಲಿಮೀಟರ್ ಲೆಕ್ಕದಲ್ಲಿ ಕೇಳಿದರೆ ಅಂಕಿ ಹೆಚ್ಚಾದಷ್ಟು ದಪ್ಪ. ಎರಡು ಪದ್ಧತಿ ಬೆರೆತರೆ ತಪ್ಪು ವೈರು ಮನೆಗೆ ಬರುತ್ತದೆ. 6 ಚದರ ಮಿಲಿಮೀಟರ್ ವೈರಿಗೆ ರೋಧ ನಾಲ್ಕನೇ ಒಂದು ಭಾಗ, ಸುಮಾರು 0.011 ಓಮ್ ಎಂದು ಮಕ್ಕಳೇ ಲೆಕ್ಕ ಹಾಕಿದರು. ನಂಜನಗೂಡಿನಿಂದ ಆ ವೈರು ತರಿಸಿ, ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಲೀಕರು ಹಾಕಿಸಿದರು. ಕೊನೆಯ ಅಳತೆ: ಮುಂದೆ 14.0, ಪ್ಲಸ್ ದಾರಿಯಲ್ಲಿ 0.2, ಮೈನಸ್ ದಾರಿಯಲ್ಲಿ 0.1, ಹಿಂದೆ 13.7 ವೋಲ್ಟ್.

ಬೆಳಿಗ್ಗೆ ವ್ಯಾನ್ ತಳ್ಳುವ ತೊಂದರೆ ಬೇರೆಯದು. ರಿಲೇ ಎಂದರೆ ಸುರುಳಿಗೆ ವಿದ್ಯುತ್ ಬಂದಾಗ ಮುಚ್ಚಿಕೊಳ್ಳುವ ಸ್ವಿಚ್ಚು. ಎಂಜಿನ್ ನಿಂತಾಗ ಅದು ತೆರೆದುಕೊಂಡು ಎರಡು ಬ್ಯಾಟರಿಗಳನ್ನು ಬೇರೆ ಮಾಡಬೇಕು. ಕೀ ತಿರುಗಿಸಿದಾಗ ಕೇಳಬೇಕಾದ ‘ಟಕ್’ ಸದ್ದು ಇಲ್ಲಿ ಕೇಳಲಿಲ್ಲ. ಕೀ ತೆಗೆದು ಬಹಳ ಹೊತ್ತಾಗಿದ್ದರೂ ರಿಲೇ ಬೆಚ್ಚಗಿರುವುದನ್ನು ಅದರ ಪ್ಲಾಸ್ಟಿಕ್ ಕವಚ ಮುಟ್ಟಿ ನೋಡಿದ ಒಬ್ಬಳು ಗುರುತಿಸಿದಳು. ಸುರುಳಿಯ ವೈರನ್ನು ಯಾವಾಗಲೂ ವಿದ್ಯುತ್ ಇರುವ ಕಡೆಗೆ ಜೋಡಿಸಲಾಗಿತ್ತು. ರಾತ್ರಿ ಮೈಕು ಹಿಂದಿನ ಬ್ಯಾಟರಿಯ ಜೊತೆಗೆ ಮುಂದಿನದನ್ನೂ ಮೆಲ್ಲಗೆ ಬರಿದು ಮಾಡುತ್ತಿತ್ತು. ಕೀ ಹಾಕಿದಾಗ ಮಾತ್ರ ವಿದ್ಯುತ್ ಬರುವ ವೈರಿಗೆ ಅದನ್ನು ಬದಲಿಸಲಾಯಿತು.

ಫ್ಯೂಸಿನ ಪ್ರಶ್ನೆ ಉಳಿಯಿತು. ಮುಂದಿನ ಬ್ಯಾಟರಿಯ ಬಳಿ ಫ್ಯೂಸ್ ಇತ್ತು, ಹಿಂದೆ ಇರಲಿಲ್ಲ. ‘ಒಂದು ವೈರಿಗೆ ಒಂದು ಫ್ಯೂಸ್ ಸಾಲದೆ?’ ಎಂದು ಕೇಳಿದೆ. ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ನಡುವೆ ಎಲ್ಲಾದರೂ ವೈರು ಸವೆದು ಬಾಡಿಗೆ ತಾಗಿದರೆ ಮುಂದಿನ ಫ್ಯೂಸ್ ಹೋದರೂ ಹಿಂದಿನ ಬ್ಯಾಟರಿಯಿಂದ ಪ್ರವಾಹ ನುಗ್ಗುತ್ತದೆ, ವೈರು ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎರಡೂ ಬ್ಯಾಟರಿಯ ಪಕ್ಕದಲ್ಲೇ ಒಂದೊಂದು ಫ್ಯೂಸ್ ಇರಬೇಕು, ಅದರ ಆಂಪಿಯರ್ ವೈರು ತಾಳುವ ಮಿತಿಯೊಳಗೆ ಇರಬೇಕು.

ಸುರಕ್ಷತೆ

12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಆದರೆ ಸುಡುತ್ತದೆ. ಬಳೆ, ಉಂಗುರ, ವಾಚು ತೆಗೆಸಿ. ಮಕ್ಕಳ ಕೈಗೆ ಸ್ಪ್ಯಾನರ್ ಕೊಡಬೇಡಿ, ಮೀಟರಿನ ಕಡ್ಡಿ ಮಾತ್ರ ಸಾಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಡ್ಡಿಗಳು ಆಂಪಿಯರ್ ತೂತಿನಲ್ಲಿ ಇಲ್ಲವೆಂದು ಶಿಕ್ಷಕರೇ ನೋಡಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಎಂಜಿನ್ನಿನಿಂದ ಹೊಗೆ. ಪಾಠ ಬಯಲಲ್ಲೇ ನಡೆಯಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಎಂಜಿನ್ ಓಡುವಾಗ ಬ್ಯಾಟರಿ ಬಿಚ್ಚಬಾರದು. ಎರಡು ಬ್ಯಾಟರಿ ಇರುವಲ್ಲಿ ಒಂದನ್ನು ಬಿಚ್ಚಿದರೆ ಸಾಲದು, ಎರಡರ ಮೈನಸ್ಸನ್ನೂ ಮೊದಲು ಬಿಚ್ಚಬೇಕು.

ಚರ್ಚೆಯಲ್ಲಿ ಬಂದ ಆಕ್ಷೇಪಗಳು

‘ಎಸ್‌ಎಸ್‌ಎಲ್‌ಸಿ ತರಗತಿಗೆ ಮೂರು ಅವಧಿ ದುಬಾರಿ’ ಎಂಬುದು ಮೊದಲನೆಯದು. ಓಮ್‌ನ ನಿಯಮ, ರೋಧಶೀಲತೆ, ಸರಣಿ ಜೋಡಣೆ, ವೋಲ್ಟ್‌ಮೀಟರಿನ ಬಳಕೆ, ಫ್ಯೂಸ್ ಇವೆಲ್ಲ ಈ ಮೂರು ಅವಧಿಗಳಲ್ಲೇ ಬಂದವು. ಲೆಕ್ಕಗಳೂ ಆದವು, ಅಂಕಿಗಳು ಮಾತ್ರ ಮಕ್ಕಳೇ ಅಳೆದು ತಂದವು. ‘ಎಲ್ಲ ಶಾಲೆಗೂ ಇಂಥ ವ್ಯಾನ್ ಎಲ್ಲಿಂದ?’ ಎಂಬುದು ಎರಡನೆಯದು. ಟ್ರ್ಯಾಕ್ಟರ್, ಆಟೋ, ಬೈಕು ಯಾವುದಾದರೂ ಆಗುತ್ತದೆ. ಏನೂ ಇಲ್ಲದಿದ್ದರೆ ಡಬ್ಬಿಯ ಮುಚ್ಚಳ ಮತ್ತು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

ಮೂರನೆಯದು ಒಬ್ಬ ಪ್ರಶಿಕ್ಷಣಾರ್ಥಿಯ ಪ್ರಶ್ನೆ: ‘ಇದು ಮೆಕ್ಯಾನಿಕ್ ಕೆಲಸ ಅಲ್ಲವೇ ಸಾರ್, ವಿಜ್ಞಾನ ಹೇಗಾಯಿತು?’ 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ರೂಪು ಪಡೆದ ಮೂಲಶಿಕ್ಷಣದಲ್ಲಿ ಕಸುಬು ಪಾಠದ ಅಲಂಕಾರವಲ್ಲ, ಪಾಠದ ಮಾಧ್ಯಮವೇ ಅದು. ಕೈಕೆಲಸದವರ ಮನೆಯ ಮಗು ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುವುದು ಅದಕ್ಕೆ ತಿಳಿವಳಿಕೆ ಇಲ್ಲವೆಂದಲ್ಲ, ತನ್ನ ತಿಳಿವಳಿಕೆಗೆ ಇಲ್ಲಿ ಬೆಲೆಯಿಲ್ಲವೆಂದು ಕಲಿತಿರುವುದರಿಂದ. ಚಿಕ್ಕಪ್ಪನ ಜೊತೆ ರಾತ್ರಿಯೆಲ್ಲ ವೈರು ಸುತ್ತುವ ಆ ಹುಡುಗ ಎರಡನೇ ಅವಧಿಯಲ್ಲಿ ಲಗ್ಗು, ರಿಲೇ, ಫ್ಯೂಸುಗಳ ಹೆಸರು ಹೇಳಿಕೊಟ್ಟ. ಮೂರನೇ ಅವಧಿಯಲ್ಲಿ 0.85 ಭಾಗಿಸು 8 ಎಂದು ಹಲಗೆಯ ಮೇಲೆ ಬರೆದವನೂ ಅವನೇ. ಹೆಸರು ಅವನಿಗೆ ಮೊದಲೇ ಗೊತ್ತಿತ್ತು, ಅಳೆದು ಕಾರಣ ಹೇಳುವುದು ಹೊಸದು. ಮೆಕ್ಯಾನಿಕ್ ಕೆಲಸಕ್ಕೂ ವಿಜ್ಞಾನಕ್ಕೂ ಸಂಬಂಧ ಇರುವುದು ಇಲ್ಲಿ. ಮೂರನೇ ಬ್ಯಾಟರಿ ತಂದಿದ್ದರೆ ಅದೂ ಅರೆಹೊಟ್ಟೆಯಲ್ಲೇ ಇದ್ದು, ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೆಡುತ್ತಿತ್ತು.

ಮೌಲ್ಯಮಾಪನ

ವ್ಯಾನಿನ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ನೆನಪನ್ನು ಅಳೆದಂತಾಗುತ್ತದೆ. ಆದ್ದರಿಂದ ಕಬ್ಬಿನ ಟ್ರ್ಯಾಕ್ಟರಿನ ಪ್ರಶ್ನೆ ಕೊಟ್ಟೆ. ‘ಟ್ರೈಲರಿನ ಹಿಂದಿನ ದೀಪಕ್ಕೆ ಒಂದೇ ವೈರು ಹೋಗಿದೆ. ಗುಂಡಿಯಲ್ಲಿ ಕುಲುಕಿದಾಗ ದೀಪ ಮಂಕಾಗಿ ಮತ್ತೆ ಸರಿಯಾಗುತ್ತದೆ. ವೈರು ಎಲ್ಲೂ ತುಂಡಾಗಿಲ್ಲ, ಬಲ್ಬು ಹೊಸದು. ನಿನ್ನ ಬಳಿ ವೋಲ್ಟ್‌ಮೀಟರ್ ಮಾತ್ರ ಇದೆ. ಎಲ್ಲಿಂದ ಎಲ್ಲಿಗೆ, ಯಾವ ಸ್ಥಿತಿಯಲ್ಲಿ ಅಳೆಯುವೆ? ಎಷ್ಟು ಬರಬಹುದೆಂದು ಮೊದಲೇ ಬರೆ.’

ದೀಪ ಉರಿಯುತ್ತಿರುವಾಗ ಟ್ರ್ಯಾಕ್ಟರಿನ ಬಾಡಿಯಿಂದ ಟ್ರೈಲರಿನ ಬಾಡಿಗೆ ಅಳೆಯಬೇಕು, ಮರಳುವ ದಾರಿ ಕೊಂಡಿಯ ಮೂಲಕ ಇದೆ ಎಂದು ಬರೆದ ಉತ್ತರಕ್ಕೆ ಪೂರ್ಣ ಅಂಕ. ಎರಡನೇ ವೈರು ಎಳೆಯಬೇಕು ಎಂದು ಪರಿಹಾರವನ್ನಷ್ಟೇ ಬರೆದವರಿಗೆ ಅರ್ಧ. ‘ಬ್ಯಾಟರಿ ವೀಕು’ ಎಂದು ಬರೆದ ಚೀಟಿಗಳು ಈ ಸಲವೂ ಕೆಲವು ಬಂದವು. ಆ ಮಕ್ಕಳಿಗೆ ವಿವರಣೆಯನ್ನು ಮತ್ತೆ ಹೇಳುವುದರಿಂದ ಉಪಯೋಗವಿಲ್ಲ. ಡಬ್ಬಿಯ ಮುಚ್ಚಳ ಮತ್ತು ಮೀಟರನ್ನು ಅವರ ಕೈಗೆ ಕೊಟ್ಟು, ಮಂಕಾದ ಬಲ್ಬಿನ ಎರಡೂ ಬದಿಯ ದಾರಿಯನ್ನು ಅವರೇ ಅಳೆಯುವಂತೆ ಮಾಡಬೇಕು. ಪಾಠ ಯೋಜನೆ ಬರೆಯುವಾಗ ಪ್ರಶಿಕ್ಷಣಾರ್ಥಿಗಳು ಈ ಪರಿಹಾರ ಬೋಧನೆಗೆ ಅರ್ಧ ಅವಧಿಯನ್ನು ಮೊದಲೇ ತೆಗೆದಿಡಲಿ.